ಟಿಲ್ಲರಿನ ಬೆಲ್ಟ್: ಅತಿ ಬಿಗಿಯೂ ಬೇಡ, ಸಡಿಲವೂ ಬೇಡ

ಮಳೆ ಹದವಾಗಿ ಬಿದ್ದಿದೆ. ಗದ್ದೆಗೆ ನೀರು ಕಟ್ಟಿಯಾಗಿದೆ. ಸಸಿಮಡಿಯಲ್ಲಿ ಪೈರು ನಾಟಿಗೆ ಸಿದ್ಧವಾಗಿ ನಿಂತಿದೆ. ನಾಳೆ ಬೆಳಿಗ್ಗೆ ನಾಟಿಗೆ ಆಳುಗಳು ಬರುತ್ತಾರೆ. ಇಂಥ ದಿನವೇ ಟಿಲ್ಲರ್ ಕಿರ್ರೆಂದು ಕಿರುಚಿ, ಸುಟ್ಟ ರಬ್ಬರಿನ ವಾಸನೆ ಹರಡಿ, ಕೆಸರಿನ ನಡುವೆ ನಿಂತುಬಿಡುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಪೇಟೆಗೆ ಹೋಗಿ ಹೊಸ ಬೆಲ್ಟ್ ತಂದು ಹಾಕುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ. ಒಂದು ಬೆಲ್ಟಿನ ಬೆಲೆ ದೊಡ್ಡದಲ್ಲ. ಆ ಒಂದು ದಿನದ ಬೆಲೆ ದೊಡ್ಡದು.

ನಮ್ಮ ಕೃಷಿ ಕಾರ್ಯಕ್ರಮಗಳಲ್ಲಿ ಯಂತ್ರಗಳ ವಿಷಯ ಬಂದಾಗಲೆಲ್ಲ ವೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಬೆಲ್ಟ್ ಹಾಕಿ ತಿಂಗಳೂ ಆಗಿಲ್ಲ, ಮತ್ತೆ ಹೋಯಿತು. ಏಕೆ?” ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ತೋರಿಸಿ ಮುಗಿಸುವ ಕೆಲಸವನ್ನು ಇಲ್ಲಿ ಸಾವಕಾಶವಾಗಿ ನೋಡೋಣ. ಈ ಪುಟಗಳನ್ನು ಸ್ಪ್ಯಾನರಿನ ಪೆಟ್ಟಿಗೆಯಲ್ಲಿ ಮಡಿಸಿಡಿ, ಅಗತ್ಯ ಬಿದ್ದ ದಿನ ತೆಗೆದು ಓದಬಹುದು.

ಬೆಲ್ಟ್ ಏಕೆ ಬೇಕು?

ಪವರ್ ಟಿಲ್ಲರ್ ನಮ್ಮ ದೇಶಕ್ಕೆ 1960ರ ದಶಕದಲ್ಲಿ ಜಪಾನಿನಿಂದ ಬಂದ ಯಂತ್ರ. ಜಪಾನಿನ ಸಣ್ಣ ಭತ್ತದ ಗದ್ದೆಗಳಿಗೆ ಹೊಂದಿದ್ದ ಯಂತ್ರ ನಮ್ಮ ಮಲೆನಾಡಿನ ಮತ್ತು ಕರಾವಳಿಯ ಸಣ್ಣ ಗದ್ದೆಗಳಿಗೂ ಹೊಂದಿಕೊಂಡಿತು. ಬೆಂಗಳೂರಿನಲ್ಲೇ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ವಿ.ಎಸ್.ಟಿ. ಸಂಸ್ಥೆ ಆರಂಭವಾಯಿತು. ಇಂದು ಗದ್ದೆಯಲ್ಲಿ ಡೀಸೆಲ್ ಟಿಲ್ಲರ್, ಅಡಿಕೆ ಮತ್ತು ತರಕಾರಿ ತೋಟಗಳಲ್ಲಿ ಅದರ ತಮ್ಮನಂತಿರುವ ಪೆಟ್ರೋಲ್ ಮಿನಿ ಟಿಲ್ಲರ್, ಎರಡೂ ಓಡಾಡುತ್ತಿವೆ.

ಸಾಮಾನ್ಯವಾಗಿ ಡೀಸೆಲ್ ಟಿಲ್ಲರಿನ ಎಂಜಿನ್ ಮುಂದಿದ್ದು, ಗಿಯರ್ ಪೆಟ್ಟಿಗೆ ಹಿಂದಿರುತ್ತದೆ. ಎಂಜಿನ್ನಿನ ಬದಿಯಲ್ಲಿ ಒಂದು ಪುಲ್ಲಿ, ಗಿಯರ್ ಪೆಟ್ಟಿಗೆಯ ಕ್ಲಚ್ಚಿನ ಮೇಲೆ ಇನ್ನೊಂದು. ಇವೆರಡನ್ನೂ ಜೋಡಿಸುವುದು ಬೆಲ್ಟ್. ದೊಡ್ಡ ಟಿಲ್ಲರುಗಳಲ್ಲಿ ಎರಡು, ಮೂರು ಅಥವಾ ನಾಲ್ಕು ಬೆಲ್ಟುಗಳು ಸಾಲಾಗಿ ಓಡುತ್ತವೆ. ಕೆಲವು ಮಿನಿ ಟಿಲ್ಲರುಗಳಲ್ಲಿ ಬೆಲ್ಟಿನ ಬದಲು ನೇರ ಗಿಯರ್ ಇರುತ್ತದೆ, ಬೆಲ್ಟ್ ಇರುವವುಗಳಲ್ಲಿ ಒಂದು ಅಥವಾ ಎರಡು ಸಾಕು.

ಎಂಜಿನ್ನಿಗೆ ನೇರವಾಗಿ ಗಿಯರ್ ಜೋಡಿಸಿದರೆ ಈ ತಂಟೆಯೇ ಇರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಟಿಲ್ಲರಿನ ಅಲಗು ಮಣ್ಣಿನೊಳಗಿನ ಕಲ್ಲಿಗೋ ಮರದ ಬೇರಿಗೋ ತಗುಲಿದಾಗ ಏನಾಗುತ್ತದೆ ಯೋಚಿಸಿ. ಆ ಏಟು ಅಲಗಿನಿಂದ ಗಿಯರಿಗೆ, ಗಿಯರಿನಿಂದ ಎಂಜಿನ್ನಿಗೆ ಸಾಗುತ್ತದೆ. ನಡುವೆ ಬೆಲ್ಟ್ ಇದ್ದರೆ ಅದು ಕೊಂಚ ಎಳೆದುಕೊಂಡು, ಕೊಂಚ ಜಾರಿ ಏಟನ್ನು ತಾನು ನುಂಗುತ್ತದೆ. ಗಿಯರಿನ ಹಲ್ಲು ಮುರಿಯುವ ಬದಲು ಬೆಲ್ಟ್ ಸವೆಯುತ್ತದೆ. ದುಬಾರಿ ಭಾಗವನ್ನು ಕಾಯುವ ಅಗ್ಗದ ಭಾಗ ಅದು. ಆದ್ದರಿಂದ ಬೆಲ್ಟ್ ಸವೆಯುವುದು ತಪ್ಪಲ್ಲ. ಕಾಲಕ್ಕೆ ಮುಂಚೆ ಸವೆದರೆ ಮಾತ್ರ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಬೆಣೆಯ ತತ್ತ್ವ

ಟಿಲ್ಲರಿನ ಬೆಲ್ಟನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಮೇಲೆ ಅಗಲ, ಕೆಳಗೆ ಕಿರಿದು. ಇಂಗ್ಲಿಷಿನ ‘ವಿ’ ಅಕ್ಷರವನ್ನು ಹೋಲುವುದರಿಂದ ಅದಕ್ಕೆ ವಿ ಬೆಲ್ಟ್ ಎಂದು ಹೆಸರು. 1917ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಜಾನ್ ಗೇಟ್ಸ್ ಇದನ್ನು ರಬ್ಬರಿನಲ್ಲಿ ರೂಪಿಸಿದರು. ಪುಲ್ಲಿಯಲ್ಲಿಯೂ ಅದೇ ಆಕಾರದ ತೋಡು ಕೊರೆದಿರುತ್ತದೆ.

ಮರ ಸೀಳುವ ಬೆಣೆಯನ್ನು ನೆನೆಯಿರಿ. ಮೇಲಿನಿಂದ ಒಂದು ಪೆಟ್ಟು ಕೊಟ್ಟರೆ ಅದು ಎರಡೂ ಬದಿಗೆ ಅದಕ್ಕಿಂತ ಹೆಚ್ಚಿನ ಬಲದಿಂದ ಒತ್ತುತ್ತದೆ. ವಿ ಬೆಲ್ಟ್ ಮಾಡುವುದೂ ಇದನ್ನೇ. ಎಳೆತಕ್ಕೆ ಸಿಕ್ಕಿದ ಬೆಲ್ಟ್ ತೋಡಿನೊಳಕ್ಕೆ ಬೆಣೆಯಂತೆ ಇಳಿದು ಎರಡೂ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಅದೇ ಎಳೆತದಲ್ಲಿ ಚಪ್ಪಟೆ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ ಇದಕ್ಕಿದೆ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಬೆಲ್ಟಿನ ಕೆಲಸವೆಲ್ಲ ಅದರ ಬದಿಗಳದ್ದು, ತಳದ್ದಲ್ಲ. ಆದ್ದರಿಂದ ಬೆಲ್ಟಿನ ತಳ ಪುಲ್ಲಿಯ ತೋಡಿನ ತಳಕ್ಕೆ ತಾಗಬಾರದು. ಬೆಲ್ಟ್ ಅಥವಾ ಪುಲ್ಲಿ ಸವೆದು ತಳ ತಾಗಿದರೆ ಬೆಣೆಯ ಗುಣ ಹೋಯಿತು, ನೀವು ಎಷ್ಟೇ ಬಿಗಿ ಮಾಡಿದರೂ ಅದು ಜಾರುತ್ತದೆ. ಟಾರ್ಚ್ ಹಿಡಿದು ಪುಲ್ಲಿಯ ತೋಡಿನೊಳಗೆ ನೋಡಿ. ತಳ ಉಜ್ಜಿದ ಪಾತ್ರೆಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿ ಉಜ್ಜುತ್ತಿದೆ ಎಂದರ್ಥ. ತೋಡಿನ ಗೋಡೆಗಳು ನೇರವಾಗಿರದೆ ಒಳಕ್ಕೆ ಗುಳಿ ಬಿದ್ದಿದ್ದರೆ ಪುಲ್ಲಿಯನ್ನೇ ಬದಲಾಯಿಸಬೇಕು. ಸವೆದ ಪುಲ್ಲಿಗೆ ಹೊಸ ಬೆಲ್ಟ್ ಹಾಕುವುದು ದಂಡ.

ಸಡಿಲವಾದರೆ, ಬಿಗಿಯಾದರೆ

ಸಡಿಲವಾದ ಬೆಲ್ಟ್ ಜಾರುತ್ತದೆ. ಜಾರಿದಾಗ ಶಕ್ತಿ ಅಲಗಿಗೆ ಹೋಗದೆ ಶಾಖವಾಗುತ್ತದೆ. ಸರಿಯಾದ ಬಿಗಿಯಲ್ಲಿರುವ ವಿ ಬೆಲ್ಟ್ ತನಗೆ ಬಂದ ಶಕ್ತಿಯಲ್ಲಿ ಸುಮಾರು ಶೇಕಡಾ 95ರಷ್ಟನ್ನು ಮುಂದೆ ದಾಟಿಸುತ್ತದೆ. ಬಿಗಿ ತಪ್ಪಿದಂತೆ ಈ ಪ್ರಮಾಣ ಇಳಿಯುತ್ತದೆ, ಡೀಸೆಲ್ ಖರ್ಚು ಏರುತ್ತದೆ. ಶಾಖ ರಬ್ಬರಿನ ಶತ್ರು. ಬೆಲ್ಟಿನ ಒಳಗಿನ ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ.

ಟಿಲ್ಲರ್ ಕೆಸರಿನಲ್ಲಿ ಹೂತು ನಿಂತಾಗ ಕೆಲವರು ಎಂಜಿನ್ನಿನ ವೇಗ ಹೆಚ್ಚಿಸುತ್ತಾರೆ. ಆಗ ನಿಂತ ಬೆಲ್ಟಿನ ಒಂದೇ ಜಾಗದಲ್ಲಿ ಎಂಜಿನ್ನಿನ ಪುಲ್ಲಿ ಗರಗರ ತಿರುಗುತ್ತದೆ. ಒಂದೇ ನಿಮಿಷದಲ್ಲಿ ಆ ಜಾಗ ಸುಟ್ಟು ಗುಳಿ ಬೀಳಬಹುದು. ಟಿಲ್ಲರ್ ಹೂತರೆ ಕ್ಲಚ್ ಬಿಡಿಸಿ, ಹಲಗೆ ಹಾಕಿ ಎತ್ತಿ. ಬೆಲ್ಟಿನ ಮೇಲೆ ಬಲ ತೋರಿಸಬೇಡಿ.

ಹಾಗಾದರೆ ಚೆನ್ನಾಗಿ ಬಿಗಿ ಮಾಡಿದರಾಯಿತು ಎನ್ನುವವರೂ ಇದ್ದಾರೆ. ಅತಿ ಬಿಗಿಯ ಬೆಲ್ಟ್ ಕಿರುಚುವುದಿಲ್ಲ, ಅದೇ ಅದರ ಅಪಾಯ. ಅದು ಎರಡೂ ಪುಲ್ಲಿಗಳನ್ನು ಹಗಲೆಲ್ಲ ಒಂದರ ಕಡೆಗೊಂದು ಎಳೆಯುತ್ತಿರುತ್ತದೆ. ಈ ಎಳೆತ ಎಂಜಿನ್ನಿನ ಮುಖ್ಯ ದಂಡದ ಬೇರಿಂಗಿನ ಮೇಲೆ, ಕ್ಲಚ್ಚಿನ ಬೇರಿಂಗಿನ ಮೇಲೆ ಬೀಳುತ್ತದೆ. ಎಣ್ಣೆ ತಡೆಯುವ ಸೀಲು ಸೋರತೊಡಗುತ್ತದೆ. ಬೆಲ್ಟಿನೊಳಗೆ ಎಳೆತ ಹೊರುವ ನೂಲುಗಳಿವೆ, ಅವು ಹಿಗ್ಗಿ ಒಂದೊಂದಾಗಿ ಹರಿಯುತ್ತವೆ. ಸಡಿಲ ಬೆಲ್ಟಿನಿಂದ ಬೆಲ್ಟ್ ಹೋಗುತ್ತದೆ. ಅತಿ ಬಿಗಿಯ ಬೆಲ್ಟಿನಿಂದ ಬೇರಿಂಗೂ ಹೋಗುತ್ತದೆ, ಮೆಕ್ಯಾನಿಕ್ಕಿನ ಕೂಲಿ ಬೇರೆ. ಕೆಲಸದ ಹೊರೆಯಲ್ಲಿ ಜಾರದಷ್ಟು ಬಿಗಿ, ಅದಕ್ಕಿಂತ ಒಂದು ಸುತ್ತೂ ಹೆಚ್ಚಿಲ್ಲ. ಇದೇ ಸರಿಯಾದ ಅಳತೆ.

ಮುಟ್ಟುವ ಮುನ್ನ

ಒಂದು ಸಣ್ಣ ಲೆಕ್ಕ ಮಾಡೋಣ. 10 ಸೆಂಟಿಮೀಟರ್ ವ್ಯಾಸದ ಪುಲ್ಲಿ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಬೆಲ್ಟ್ ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು ಓಡುತ್ತದೆ. ಬೆರಳು ಸಿಕ್ಕಿತೆಂದು ನಿಮಗೆ ಗೊತ್ತಾಗಿ ಕೈ ಹಿಂದೆಗೆಯಲು ಸೆಕೆಂಡಿನ ಐದನೇ ಒಂದು ಭಾಗ ಹಿಡಿದರೂ ಅಷ್ಟರಲ್ಲಿ ಬೆಲ್ಟ್ ಎರಡು ಮೀಟರ್ ಓಡಿಯಾಗಿರುತ್ತದೆ. ಬೆರಳು ಪುಲ್ಲಿಗೆ ಸೇರಲು ಒಂದು ಗೇಣು ಸಾಕು. ಓಡುವ ಬೆಲ್ಟಿನೊಂದಿಗೆ ಚುರುಕುತನ ಕೆಲಸಕ್ಕೆ ಬಾರದು.

ಆದ್ದರಿಂದ ಎಂಜಿನ್ ನಿಲ್ಲಿಸಿ. ಡೀಸೆಲ್ ಟಿಲ್ಲರಾದರೆ ಇಂಧನದ ಲಿವರನ್ನು ನಿಲ್ಲಿಸುವ ಸ್ಥಾನದಲ್ಲಿಡಿ. ಪೆಟ್ರೋಲ್ ಟಿಲ್ಲರಾದರೆ ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತು ದೂರ ಸರಿಸಿ, ಏಕೆಂದರೆ ಪುಲ್ಲಿಯನ್ನು ಕೈಯಿಂದ ತಿರುಗಿಸಿದಾಗಲೂ ಪೆಟ್ರೋಲ್ ಎಂಜಿನ್ ಹೊತ್ತಿಕೊಳ್ಳಬಹುದು. ಗಿಯರ್ ನ್ಯೂಟ್ರಲ್‌ನಲ್ಲಿರಲಿ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಎಂಜಿನ್ ತಣಿಯಲಿ. ಪಂಚೆ, ಲುಂಗಿಯ ಅಂಚು, ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ಲನ್ನು ಬಿಗಿಯಾಗಿ ಕಟ್ಟಿಕೊಳ್ಳಿ. ಮಕ್ಕಳು ಹತ್ತಿರ ಬೇಡ.

ಬಿಗಿ ಅಳೆಯುವ ಬಗೆ

ಮೊದಲು ಬೆಲ್ಟಿನ ಮುಚ್ಚಳ ತೆಗೆದು ಒಣ ಬಟ್ಟೆಯಿಂದ ಕೆಸರು ಒರೆಸಿ. ಎರಡು ಪುಲ್ಲಿಗಳ ನಡುವೆ ಬೆಲ್ಟ್ ಯಾವುದಕ್ಕೂ ತಾಗದೆ ಓಡುವ ಉದ್ದವನ್ನು ಟೇಪಿನಿಂದ ಅಳೆಯಿರಿ. ಆ ಉದ್ದದ ನಟ್ಟನಡುವೆ ಬೆಲ್ಟನ್ನು ಒತ್ತಿ ನೋಡಬೇಕು. ಪ್ರತಿ 100 ಮಿಲಿಮೀಟರ್ ಉದ್ದಕ್ಕೆ ಸುಮಾರು 1.6 ಮಿಲಿಮೀಟರ್ ಬಾಗುವಿಕೆ ಎಂಬುದು ವಿ ಬೆಲ್ಟುಗಳ ಸಾಮಾನ್ಯ ನಿಯಮ. ಅಂದರೆ 300 ಮಿಲಿಮೀಟರಿಗೆ ಸುಮಾರು 5 ಮಿಲಿಮೀಟರ್.

ಎಷ್ಟು ಬಲದಿಂದ ಒತ್ತಬೇಕು? ಟಿಲ್ಲರಿನ ಗಾತ್ರದ ಬೆಲ್ಟುಗಳಿಗೆ ಒಂದೊಂದಕ್ಕೆ ಸ್ಥೂಲವಾಗಿ 2ರಿಂದ 3 ಕಿಲೋ ಬಲ ಸಾಕು. ಮನೆಯಲ್ಲಿ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಇದ್ದರೆ ದಾರದ ಕುಣಿಕೆಯೊಂದನ್ನು ಬೆಲ್ಟಿಗೆ ಹಾಕಿ, ಬೆಲ್ಟಿಗೆ ನೇರ ಅಡ್ಡವಾಗಿ ಎಳೆಯಿರಿ. ಮುಳ್ಳು 2 ಕಿಲೋ ತೋರಿಸುವ ಮೊದಲೇ ಅಷ್ಟು ಬಾಗಿದರೆ ಸಡಿಲ, 3 ಕಿಲೋ ದಾಟಿದರೂ ಬಾಗದಿದ್ದರೆ ಅತಿ ಬಿಗಿ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇದ್ದರೆ ಗಾಬರಿ ಬೇಡ. ಅಂಥ ಅಂಕಿ ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗಿನ ಬಾಗುವಿಕೆ ಇರಬಹುದು. ಕೈಪಿಡಿ ಹೇಳಿದ್ದೇ ಅಂತಿಮ. ಎರಡು ಲೆಕ್ಕಗಳನ್ನು ಬೆರೆಸಬೇಡಿ.

ಬಿಗಿ ಮಾಡುವ ಕ್ರಮ

ಬಹುತೇಕ ಡೀಸೆಲ್ ಟಿಲ್ಲರುಗಳಲ್ಲಿ ಎಂಜಿನ್ನನ್ನೇ ಮುಂದಕ್ಕೆ ಸರಿಸಿ ಬೆಲ್ಟ್ ಬಿಗಿ ಮಾಡುತ್ತಾರೆ, ಇಲ್ಲವೇ ನಡುವೆ ಒಂದು ಒತ್ತುಗಾಲಿ ಇರುತ್ತದೆ. ಎಂಜಿನ್ ಸರಿಸುವ ಯಂತ್ರವಾದರೆ ಹೀಗೆ ಮಾಡಿ.

1. ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಎಂಜಿನ್ ಕದಲುವಷ್ಟು ಸಾಕು.

2. ಹೊಂದಿಕೆಯ ಬೋಲ್ಟಿನ ಲಾಕ್ ನಟ್ಟನ್ನು ಸಡಿಲಿಸಿ, ಬೋಲ್ಟನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಬೆಲ್ಟ್ ಒತ್ತಿ ನೋಡಿ.

3. ಎಂಜಿನ್ ಓರೆಯಾಗಿ ಸರಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗೋಡೆ ಕಟ್ಟುವ ಮೇಸ್ತ್ರಿಯಂತೆ ಒಂದು ದಾರವನ್ನು ಎರಡೂ ಪುಲ್ಲಿಗಳ ಹೊರಮುಖಕ್ಕೆ ಬಿಗಿಯಾಗಿ ಹಿಡಿಯಿರಿ. ಎರಡೂ ಪುಲ್ಲಿಗಳ ಅಂಚು ಒಂದೇ ದಪ್ಪವಿದ್ದರೆ ದಾರ ನಾಲ್ಕು ಕಡೆಯೂ ತಾಗಬೇಕು. ಪುಲ್ಲಿಗಳ ನಡುಬಿಂದುಗಳ ಅಂತರ ಅರ್ಧ ಮೀಟರ್ ಇದ್ದರೆ ವ್ಯತ್ಯಾಸ 4 ಮಿಲಿಮೀಟರ್ ಮೀರಬಾರದು.

4. ಎಂಜಿನ್ನಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿ ಮಾಡಿ. ಲಾಕ್ ನಟ್ ಮರೆಯಬೇಡಿ.

5. ಪುಲ್ಲಿಯನ್ನು ಕೈಯಿಂದ ನಾಲ್ಕೈದು ಸುತ್ತು ತಿರುಗಿಸಿ ಬಿಗಿಯನ್ನು ಮತ್ತೊಮ್ಮೆ ಅಳೆಯಿರಿ. ಬೋಲ್ಟ್ ಬಿಗಿ ಮಾಡುವಾಗ ಎಂಜಿನ್ ಕೊಂಚ ಸರಿದಿರುವುದುಂಟು. ತಿರುಗಿಸುವಾಗ ಬೆರಳು ಬೆಲ್ಟಿನ ಮತ್ತು ಪುಲ್ಲಿಯ ಸಂದಿಗೆ ಹೋಗದಿರಲಿ.

6. ಮುಚ್ಚಳ ಹಾಕಿ. ಆಮೇಲೆಯೇ ಎಂಜಿನ್ ಚಾಲೂ ಮಾಡಿ.

ಮಿನಿ ಟಿಲ್ಲರಿನ ವಿಷಯ ಬೇರೆ

ಹಲವು ಮಿನಿ ಟಿಲ್ಲರುಗಳಲ್ಲಿ ಪ್ರತ್ಯೇಕ ಕ್ಲಚ್ ಇಲ್ಲ, ಬೆಲ್ಟೇ ಕ್ಲಚ್. ಹಿಡಿಯ ಮೇಲಿನ ಲಿವರ್ ಒತ್ತಿದಾಗ ಕೇಬಲ್ ಎಳೆದು, ಒಂದು ಚಿಕ್ಕ ಗಾಲಿ ಬೆಲ್ಟನ್ನು ಒತ್ತಿ ಬಿಗಿ ಮಾಡುತ್ತದೆ, ಅಲಗು ತಿರುಗುತ್ತದೆ. ಲಿವರ್ ಬಿಟ್ಟರೆ ಬೆಲ್ಟ್ ಸಡಿಲವಾಗಿ ಅಲಗು ನಿಲ್ಲುತ್ತದೆ. ಇಂಥ ಯಂತ್ರದಲ್ಲಿ ಲಿವರ್ ಬಿಟ್ಟಾಗ ಬೆಲ್ಟ್ ಸಡಿಲವಾಗಿರುವುದು ದೋಷವಲ್ಲ, ಹಾಗೆಯೇ ಇರಬೇಕು. ಬಿಗಿ ಅಳೆಯುವುದಾದರೆ ಎಂಜಿನ್ ನಿಲ್ಲಿಸಿ, ಇನ್ನೊಬ್ಬರಿಂದ ಲಿವರ್ ಒತ್ತಿಸಿ ಅಳೆಯಿರಿ.

ಕೆಲಸದಲ್ಲಿ ಬೆಲ್ಟ್ ಜಾರಿದರೆ ಕೇಬಲ್ಲಿನ ತುದಿಯ ನಟ್ಟನ್ನು ಒಂದೆರಡು ಸುತ್ತು ತಿರುಗಿಸಿ ಕೇಬಲ್ಲನ್ನು ಬಿಗಿ ಮಾಡಬಹುದು. ಹಾಗೆ ಮಾಡಿದ ಮೇಲೆ ಒಂದು ಪರೀಕ್ಷೆ ಕಡ್ಡಾಯ. ಮುಚ್ಚಳ ಹಾಕಿ, ಅಲಗಿನಿಂದ ದೂರ ನಿಂತು ಎಂಜಿನ್ ಚಾಲೂ ಮಾಡಿ ಲಿವರ್ ಬಿಟ್ಟಿರಿ. ಅಲಗು ತಾನಾಗಿ ತೆವಳುತ್ತ ತಿರುಗಿದರೆ ಕೇಬಲ್ ಅತಿ ಬಿಗಿಯಾಗಿದೆ. ಕೂಡಲೇ ಎಂಜಿನ್ ನಿಲ್ಲಿಸಿ ಸಡಿಲಿಸಿ. ಲಿವರ್ ಬಿಟ್ಟರೆ ನಿಲ್ಲುತ್ತದೆಂಬ ನಂಬಿಕೆಯ ಮೇಲೆಯೇ ನಾವು ಆ ಅಲಗಿನ ಪಕ್ಕದಲ್ಲಿ ನಡೆಯುತ್ತೇವೆ. ಆ ನಂಬಿಕೆ ಸುಳ್ಳಾದರೆ ಪೆಟ್ಟು ಬೀಳುವುದು ಪಾದಕ್ಕೆ.

ಹಳೆಯ ಬೆಲ್ಟ್ ಹೇಳುವ ಕಥೆ

ಹರಿದ ಬೆಲ್ಟನ್ನು ಬದುವಿನಾಚೆ ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟ್ ಸಡಿಲವಾಗಿದ್ದು ಜಾರುತ್ತಿತ್ತು. ಒಂದೇ ಬದಿ ಸವೆದಿದ್ದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ತಳದಲ್ಲಿ ಅಡ್ಡ ಬಿರುಕುಗಳಿದ್ದರೆ ಶಾಖ ಅಥವಾ ವಯಸ್ಸು ಕಾರಣ. ಬೆಲ್ಟ್ ಉಬ್ಬಿ ಅಂಟಂಟಾಗಿದ್ದರೆ ಡೀಸೆಲ್ ಅಥವಾ ಎಣ್ಣೆ ತಾಗಿದೆ, ಮೊದಲು ಸೋರಿಕೆ ನಿಲ್ಲಿಸಿ. ಒಂದೇ ಕಡೆ ಸುಟ್ಟ ಗುಳಿ ಇದ್ದರೆ ಹೂತ ಟಿಲ್ಲರನ್ನು ಬೆಲ್ಟಿನ ಬಲದಿಂದ ಎಬ್ಬಿಸಲು ಯತ್ನಿಸಿದ ಗುರುತು. ಓಡುವಾಗ ಬೆಲ್ಟ್ ಮಗುಚಿಕೊಂಡಿದ್ದರೆ ಒಳಗಿನ ನೂಲು ಒಂದು ಪಕ್ಕದಲ್ಲಿ ಹರಿದಿರಬಹುದು.

ಈ ಕೊನೆಯ ದೋಷ ಎಷ್ಟೋ ಸಲ ಬೆಲ್ಟ್ ಹಾಕುವ ದಿನವೇ ಹುಟ್ಟುತ್ತದೆ. ಎಂಜಿನ್ ಸರಿಸಲು ಬೇಸರಪಟ್ಟು, ಸ್ಕ್ರೂಡ್ರೈವರ್ ಸಿಕ್ಕಿಸಿ ಬೆಲ್ಟನ್ನು ಪುಲ್ಲಿಯ ಅಂಚಿನ ಮೇಲಿಂದ ಮೀಟಿ ಹಾಕುತ್ತಾರೆ. ಹೊರಗೆ ಗಾಯ ಕಾಣುವುದಿಲ್ಲ, ಒಳಗೆ ನೂಲು ತುಂಡಾಗಿರುತ್ತದೆ. “ತಿಂಗಳೂ ಆಗಿಲ್ಲ” ಎಂಬ ಪ್ರಶ್ನೆಗೆ ಒಂದು ಉತ್ತರ ಇದು. ಎಂಜಿನ್ನನ್ನು ಹಿಂದಕ್ಕೆ ಸರಿಸಿ, ಬೆಲ್ಟ್ ಬರಿಗೈಯಿಂದ ಕೂರುವಂತೆ ಮಾಡಿಕೊಳ್ಳಿ.

ಇನ್ನೊಂದು ಉತ್ತರ ಮೊದಲ ದಿನದ ಹಿಗ್ಗುವಿಕೆ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಗಳಲ್ಲಿ ತೋಡಿಗೆ ಹೊಂದಿಕೊಂಡು ಸಡಿಲವಾಗುತ್ತದೆ. ಹಾಕಿದ ದಿನವೇ ಒಮ್ಮೆ, ಮುಂದಿನ ಎರಡು ಮೂರು ದಿನಗಳ ಕೆಲಸದ ನಂತರ ಇನ್ನೊಮ್ಮೆ ಬಿಗಿ ನೋಡದಿದ್ದರೆ ಅದು ಜಾರಿ ಸುಡುತ್ತದೆ.

ಕೊಳ್ಳುವಾಗ ನೆನಪಿರಲಿ

ಬೆಲ್ಟಿನ ಬೆನ್ನಿನ ಮೇಲೆ ‘ಎ’ ಅಥವಾ ‘ಬಿ’ ಅಕ್ಷರ, ಜೊತೆಗೊಂದು ಅಂಕಿ ಇರುತ್ತದೆ. ‘ಎ’ ಬೆಲ್ಟ್ ಮೇಲ್ಭಾಗದಲ್ಲಿ 13 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪ. ‘ಬಿ’ ಬೆಲ್ಟ್ 17 ಮಿಲಿಮೀಟರ್ ಅಗಲ, 11 ಮಿಲಿಮೀಟರ್ ದಪ್ಪ. ಅಂಕಿ ಒಳಸುತ್ತಿನ ಉದ್ದವನ್ನು ಇಂಚಿನಲ್ಲಿ ಹೇಳುತ್ತದೆ. ‘ಬಿ 60’ ಎಂದರೆ ಒಳಸುತ್ತು 60 ಇಂಚು. ಅಂಗಡಿಗೆ ಹೋಗುವಾಗ ಹಳೆಯ ಬೆಲ್ಟನ್ನೇ ಒಯ್ಯಿರಿ, ಬರಹ ಅಳಿಸಿದ್ದರೆ ಕೈಪಿಡಿ ನೋಡಿ. ಹಿಗ್ಗಿದ ಹಳೆಯ ಬೆಲ್ಟನ್ನು ಅಳೆದರೆ ಉದ್ದ ಹೆಚ್ಚು ಬರುತ್ತದೆ.

ಸಾಲಾಗಿ ಮೂರು ಬೆಲ್ಟ್ ಇದ್ದು ಒಂದು ಹರಿದರೆ ಮೂರನ್ನೂ ಬದಲಾಯಿಸಿ, ಒಂದೇ ತಯಾರಿಕೆಯದನ್ನೇ ಹಾಕಿ. ಇದು ದುಂದಲ್ಲ. ಹಿಗ್ಗಿದ ಎರಡು ಹಳೆಯ ಬೆಲ್ಟುಗಳ ನಡುವೆ ಹೊಸದೊಂದನ್ನು ಹಾಕಿದರೆ ಅದೊಂದೇ ಬಿಗಿಯಾಗಿ ನಿಂತು ಮೂವರ ಹೊರೆ ಹೊರುತ್ತದೆ, ಬೇಗ ಹರಿಯುತ್ತದೆ. ಚೆನ್ನಾಗಿರುವ ಹಳೆಯ ಬೆಲ್ಟನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳಿ.

ಜಾರುವ ಬೆಲ್ಟಿಗೆ ಸೋಪು ತಿಕ್ಕುವುದು, ರಾಳದ ಪುಡಿ ಎರಚುವುದು ಬೇಡ. ಸದ್ದು ಒಂದು ಗಂಟೆ ನಿಲ್ಲಬಹುದು, ದೋಷ ಹಾಗೆಯೇ ಉಳಿಯುತ್ತದೆ, ಅಂಟಿಗೆ ಮಣ್ಣು ಹತ್ತಿ ಪುಲ್ಲಿ ಸವೆಯುತ್ತದೆ. ಪೆಟ್ರೋಲಿನಿಂದ ತೊಳೆಯುವುದೂ ಬೇಡ. ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ.

ಹಂಗಾಮು ಮುಗಿದ ಮೇಲೆ ಟಿಲ್ಲರ್ ತಿಂಗಳುಗಟ್ಟಲೆ ನಿಲ್ಲುವುದಾದರೆ ಬೆಲ್ಟ್ ಸಡಿಲಿಸಿಡಿ. ಸದಾ ಒಂದೇ ಬಾಗಿನಲ್ಲಿ ಬಿಗಿಯಾಗಿ ನಿಂತರೆ ರಬ್ಬರು ಆ ಆಕಾರಕ್ಕೆ ಜಡ್ಡುಗಟ್ಟುತ್ತದೆ. ಹೆಚ್ಚುವರಿ ಬೆಲ್ಟನ್ನು ಮೊಳೆಗೆ ನೇತುಹಾಕಬೇಡಿ, ಮೊಳೆ ತಾಗಿದ ಕಡೆ ಮಡಿಕೆ ಬೀಳುತ್ತದೆ. ಬಿಸಿಲು, ಇಲಿ ಎರಡೂ ತಲುಪದ ಡಬ್ಬಿಯಲ್ಲಿ ದೊಡ್ಡ ಸುರುಳಿಯಾಗಿಡಿ.

ಬಾಡಿಗೆಯ ಟಿಲ್ಲರ್

ಇಂದು ಎಲ್ಲರ ಮನೆಯಲ್ಲೂ ಟಿಲ್ಲರ್ ಇಲ್ಲ. ನೆರೆಯವರಿಂದಲೋ, ರಾಜ್ಯದಲ್ಲಿ 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಿಂದಲೋ ತರುವವರು ಅನೇಕರು. ಗಂಟೆಯ ಲೆಕ್ಕದ ಬಾಡಿಗೆಯಲ್ಲಿ ಬೆಲ್ಟ್ ಯಾರದೂ ಅಲ್ಲ. ಮಾಲೀಕ ಅದನ್ನು ಓಡಿಸುವುದಿಲ್ಲ, ಓಡಿಸುವವನು ಅದನ್ನು ಕೊಳ್ಳುವುದಿಲ್ಲ. ಜಾರುವ ಬೆಲ್ಟಿಗೆ ಹೆಚ್ಚು ಗಂಟೆ ಹಿಡಿದರೆ ಆ ಗಂಟೆಗಳ ಹಣ ಕೊಡುವವರು ನೀವು. ಆದ್ದರಿಂದ ಯಂತ್ರ ಗದ್ದೆಗೆ ಇಳಿಯುವ ಮುನ್ನ ಎಂಜಿನ್ ನಿಂತಿರುವಾಗ ಬೆಲ್ಟನ್ನು ಒಮ್ಮೆ ನೋಡಿ ಎಂದು ಕೇಳುವ ಹಕ್ಕು ನಿಮಗಿದೆ. ಐದು ನಿಮಿಷದ ಕೆಲಸ.

ಮುಚ್ಚಳವಿಲ್ಲದ ಟಿಲ್ಲರ್ ಬಂದರೆ ಕೆಲಸಕ್ಕೆ ಬಿಡಲೇಬೇಡಿ. “ಪದೇ ಪದೇ ಬಿಚ್ಚಬೇಕಲ್ಲ, ಅದಕ್ಕೇ ತೆಗೆದಿಟ್ಟಿದ್ದೇವೆ” ಎಂಬ ಮಾತು ನೀವು ಕೇಳಿರಬಹುದು. ಬಿಗಿ ಸರಿಯಾಗಿರುವ ಬೆಲ್ಟನ್ನು ಪದೇ ಪದೇ ಬಿಚ್ಚಬೇಕಾಗುವುದಿಲ್ಲ. ಬೆಲ್ಟ್ ಹರಿದರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ, ಬೆರಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮಳೆಗಾಲಕ್ಕೆ ಇನ್ನೂ ಎರಡು ವಾರ ಇರುವಾಗಲೇ ಒಂದು ಬೆಳಿಗ್ಗೆ ಸ್ಪ್ಯಾನರ್, ಟಾರ್ಚ್, ಟೇಪು ಮತ್ತು ಒಂದು ಗಜ ದಾರ ಹಿಡಿದು ಕೊಟ್ಟಿಗೆಗೆ ಹೋಗಿ. ಪುಲ್ಲಿಯ ತೋಡು ನೋಡಿ, ಬೆಲ್ಟಿನ ಬದಿ ನೋಡಿ, ಬಿಗಿ ಅಳೆಯಿರಿ. ಬದಲಾಯಿಸಬೇಕೆನಿಸಿದರೆ ಪೇಟೆಗೆ ಹೋಗಿಬರಲು ಆಗ ನಿಮಗೆ ಸಾಕಷ್ಟು ಸಮಯವಿರುತ್ತದೆ.